ಪ್ರಸಾದತತ್ತ್ವವೂ ವಿವಾಹದ ಪಂಕ್ತಿಯೂ

ವೀರಶೈವ ಧರ್ಮದಲ್ಲಿ ವಿವಾಹವೆಂಬುದು ಕೇವಲ ಲೌಕಿಕ ವ್ಯವಹಾರವಲ್ಲ. ಲಿಂಗವಂತರಾದ ಸತಿಪತಿಗಳಿಬ್ಬರು ಏಕಭಾವದಿಂದ ಗುರು ಲಿಂಗ ಜಂಗಮರ ಸೇವೆಗೆಂದು ಒಂದು ಮನೆಯನ್ನು ಕಟ್ಟುವ ಸಂಕಲ್ಪವೇ ಅದರ ಸಾರ. ಆ ಸಂಸ್ಕಾರಕ್ಕೆ ಅವಶ್ಯವಾದ ಸಾಮಗ್ರಿಯನ್ನು ಒಮ್ಮೆ ಎಣಿಸಿ ನೋಡತಕ್ಕದ್ದು. ಪಂಚಕಲಶಗಳು, ಅವುಗಳಿಗೆ ಸುತ್ತುವ ನೂಲು, ಶುದ್ಧೋದಕ, ವೀಳ್ಯದೆಲೆ, ತೆಂಗಿನಕಾಯಿ, ವಿಭೂತಿ, ಬಿಲ್ವಪತ್ರೆ, ಹೂವು, ಅರಿಷಿಣ, ಹಿಡಿಯಷ್ಟು ಅಕ್ಷತೆ, ಒಂದು ಮಾಂಗಲ್ಯ. ಬಹುಪಾಲು ಕಡೆಗಳಲ್ಲಿ ಹೋಮಕುಂಡವೂ ಇಲ್ಲ, ಸಮಿಧೆ ತುಪ್ಪಗಳ ವೆಚ್ಚವೂ ಇಲ್ಲ. ಇಷ್ಟನ್ನೂ ಎರಡು ಬಿದಿರಿನ ಬುಟ್ಟಿಗಳಲ್ಲಿ ತುಂಬಿ ತರಬಹುದು. ಕಾರ್ಯ ಮುಗಿದ ತರುವಾಯ ಲೋಹದ್ದು ಮನೆಗೆ ಮರಳುತ್ತದೆ. ಎಲೆ ಹೂವುಗಳು ಮಣ್ಣಿಗೆ ಮರಳುತ್ತವೆ.

ಇಂತಿರಲು, ಮದುವೆಯ ಮರುದಿನ ಬೆಳಗ್ಗೆ ಕಲ್ಯಾಣಮಂಟಪದ ಹಿಂಬದಿಯಲ್ಲಿ ಕಾಣುವ ಆ ರಾಶಿ ಎಲ್ಲಿಂದ ಬಂದಿತು? ಅರ್ಧ ಕುಡಿದು ಬಿಸುಟ ನೀರಿನ ಬಾಟಲಿಗಳು, ಒಳಮೈಗೆ ಹಾಳೆ ಅಂಟಿಸಿದ ಕಾಗದದ ತಟ್ಟೆಗಳು, ಥರ್ಮಾಕೋಲಿನ ಕಮಾನಿನ ಚೂರುಗಳು, ಬಣ್ಣದ ಕೃತಕ ಹೂಗಳು, ವಧೂವರರ ಭಾವಚಿತ್ರವಿದ್ದ ಫ್ಲೆಕ್ಸು, ಇವೆಲ್ಲದರ ನಡುವೆ ಕೆಸರಿನಂತೆ ಹರಡಿದ ಅನ್ನ ಸಾರು ಸಿಹಿ. ಅನ್ನದ ವಾಸನೆಗೆ ಬಂದ ದನ ಅದನ್ನು ಚೀಲಸಮೇತ ನುಂಗುತ್ತದೆ. ಪ್ಲಾಸ್ಟಿಕ್ಕು ಅದರ ಹೊಟ್ಟೆಯಲ್ಲಿ ಕರಗದೆ ಗಂಟುಕಟ್ಟಿ ಕಡೆಗೆ ಪ್ರಾಣಕ್ಕೇ ಎರವಾಗುತ್ತದೆ. ಬಸವೇಶ್ವರನೆಂದು ನಂದಿಗೆ ಕೈಮುಗಿಯುವ ಮನೆಯ ಮದುವೆಯಿಂದ ಊರಿನ ಎತ್ತಿಗೆ ಮರಣ ಬರುವುದಾದರೆ ಅದನ್ನು ಮಂಗಲಕಾರ್ಯವೆಂದು ಕರೆಯುವುದು ಹೇಗೆ?

ಆ ರಾಶಿಯಲ್ಲಿ ಸಂಸ್ಕಾರಕ್ಕೆ ಅವಶ್ಯವಾದ ವಸ್ತು ಒಂದೂ ಇಲ್ಲವೆಂಬುದನ್ನು ಗಮನಿಸಬೇಕು. ಅದರಲ್ಲಿ ಬಹುಭಾಗ ನೋಡುವವರ ಕಣ್ಣಿಗಾಗಿ ಸೇರಿದ್ದು. ಪರಿಸರಸ್ನೇಹಿ ವಿವಾಹವೆಂಬ ಮಾತನ್ನು ಕೇಳಿ ಕೆಲವು ಹಿರಿಯರು, ಇದು ಪಟ್ಟಣದವರ ಹೊಸ ಹವ್ಯಾಸವೆಂದು ಮುಗುಳ್ನಗುವುದುಂಟು. ವಿಚಾರಿಸಿ ನೋಡಿದರೆ ಹೊಸದಾಗಿರುವುದು ಹೆಸರು ಮಾತ್ರ. ಪ್ರಸಾದತತ್ತ್ವವನ್ನು ಅಡುಗೆಮನೆಯಿಂದ ಹಿಡಿದು ತಿಪ್ಪೆಯವರೆಗೆ ಬಿಡದೆ ಪಾಲಿಸಿದರೆ ನಡೆಯುವ ಮದುವೆ ಯಾವುದೋ, ಅದೇ ಇದು.

ಅಷ್ಟಾವರಣಗಳಲ್ಲಿ ಪ್ರಸಾದವೂ ಒಂದೆಂಬುದು ಸರ್ವವಿದಿತ. ಬೆಳೆದು ಬಂದ ಧಾನ್ಯವೂ ಬೆಂದ ಅಡುಗೆಯೂ ಪದಾರ್ಥ. ಅದು ಲಿಂಗಾರ್ಪಿತವಾದಾಗ ಪ್ರಸಾದ. ಪದಾರ್ಥವಾಗಿದ್ದಾಗ ಅದಕ್ಕೆ ಬೆಲೆಯುಂಟು, ತೂಕವುಂಟು. ಪ್ರಸಾದವಾದ ಮೇಲೆ ಅದನ್ನು ಬಿಡುವ ಅಧಿಕಾರ ಉಣ್ಣುವವನಿಗೆ ಇಲ್ಲ. ಉಂಡ ತಟ್ಟೆಯನ್ನು ನೀರಿನಿಂದ ತೊಳೆದು ಆ ನೀರನ್ನೂ ಸೇವಿಸುವ ನಿಷ್ಠಾವಂತರು ಹಳೆಯ ಮನೆತನಗಳಲ್ಲಿ ಇಂದಿಗೂ ಉಂಟು. ಮದುವೆಯ ಮನೆಯಲ್ಲಿ ಜಂಗಮಮೂರ್ತಿಗಳ ತೃಪ್ತಿಯಾದ ಮೇಲೆಯೇ ಪಂಕ್ತಿ ಕೂಡುವುದು ವಾಡಿಕೆ. ಹೀಗಿರುವಾಗ ಆ ಪಂಕ್ತಿಯಲ್ಲಿ ಬಡಿಸುವುದೆಲ್ಲವೂ ಪ್ರಸಾದವೇ ಆಯಿತಲ್ಲವೆ? ಮನೆಯಲ್ಲಿ ಒಂದು ಅಗುಳನ್ನು ಬಿಡಲು ಅಂಜುವ ಭಕ್ತನು ಮಂಟಪದಲ್ಲಿ ಎರಡು ಲಾಡುಗಳನ್ನು ಎಲೆಯಲ್ಲೇ ಬಿಟ್ಟು ಏಳುವುದು ಯಾವ ಆಚಾರ?

ಶೂನ್ಯಸಂಪಾದನೆಯಲ್ಲಿ ಬರುವ ಮರುಳಶಂಕರದೇವರ ಪ್ರಸಂಗ ಇಲ್ಲಿ ಸ್ಮರಣೀಯ. ದೂರದೇಶದಿಂದ ಕಲ್ಯಾಣಕ್ಕೆ ಬಂದ ಆ ಶರಣರು ಬಸವಣ್ಣನವರ ಮಹಾಮನೆಯಲ್ಲಿ ಪ್ರಸಾದಶೇಷ ಪಾದೋದಕಗಳು ಹರಿದು ಸೇರುವ ಕುಂಡದ ಬಳಿ ಹನ್ನೆರಡು ವರ್ಷ ಯಾರ ಗಮನಕ್ಕೂ ಬಾರದೆ ಇದ್ದರು. ಅವರ ಹಿರಿಮೆಯನ್ನು ಗುರುತಿಸಿ ಲೋಕಕ್ಕೆ ತೋರಿದವರು ಅಲ್ಲಮಪ್ರಭುಗಳು. ಶೇಷವು ಹರಿಯುವ ಜಾಗವೂ ಒಂದು ಪುಣ್ಯಸ್ಥಳವೆಂಬ ಭಾವ ಆ ಕಥೆಯ ಬೆನ್ನೆಲುಬು. ಇಂದಿನ ಕಲ್ಯಾಣಮಂಟಪಗಳಲ್ಲಿ ಆ ಜಾಗದ ಕಡೆಗೆ ಮೂಗು ಮುಚ್ಚಿಕೊಳ್ಳದೆ ಹೋಗುವಂತಿಲ್ಲ.

ಇನ್ನು ಆಯ್ದಕ್ಕಿ ಮಾರಯ್ಯ ಲಕ್ಕಮ್ಮನವರ ಕಥೆ. ರಾಯಚೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಈ ದಂಪತಿಗಳ ಕಾಯಕ, ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುವುದು. ಒಂದು ದಿನ ಮಾರಯ್ಯನವರು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದರು. ಲಕ್ಕಮ್ಮನವರು ಅದನ್ನು ಒಳಗೆ ಸೇರಿಸಲಿಲ್ಲ. ಹೆಚ್ಚಾದುದನ್ನು ಎಲ್ಲಿಂದ ತಂದಿರೋ ಅಲ್ಲಿಗೇ ಮರಳಿಸಿ ಬನ್ನಿರೆಂದು ಗಂಡನನ್ನು ಕಳುಹಿಸಿದರು. ಆ ಬಳಿಕ ಉಳಿದ ಅಲ್ಪ ಅಕ್ಕಿಯಿಂದಲೇ ಲಕ್ಷದ ತೊಂಬತ್ತಾರು ಸಾವಿರ ಜಂಗಮರಿಗೆ ಉಣಬಡಿಸಿದರೆಂದು ಪರಂಪರೆ ಹೇಳುತ್ತದೆ. ಆ ಸಂಖ್ಯೆಯ ವಿಚಾರದಲ್ಲಿ ತರ್ಕ ಹೂಡುವುದು ಬೇಡ. ಲಕ್ಕಮ್ಮನವರ ದಾಸೋಹ ದೊಡ್ಡದಾದದ್ದು ಅಕ್ಕಿಯ ರಾಶಿಯಿಂದಲ್ಲ, ಅಳತೆಯಿಂದ ಎಂಬುದೇ ಗ್ರಾಹ್ಯವಾದ ಅಂಶ. ಇಂದು ದಾಸೋಹವೆಂಬ ಹೆಸರಿನಲ್ಲಿ ಇಪ್ಪತ್ತೈದು ಬಗೆಯ ಪದಾರ್ಥಗಳನ್ನು ಬಡಿಸಿ, ಮಿಕ್ಕುದನ್ನು ಹಳ್ಳಕ್ಕೆ ಸುರಿಯುವವರು ಈ ತಾಯಿಯ ಹೆಸರನ್ನು ಎತ್ತುವ ಮುನ್ನ ಕೊಂಚ ತಡೆಯಬೇಕು.

ಹೀಗೆ ಚೆಲ್ಲುವುದರ ಪ್ರಮಾಣ ಎಷ್ಟು? ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದ ಅಧ್ಯಾಪಕರು ಕೈಗೊಂಡು ೨೦೧೨ರಲ್ಲಿ ಪ್ರಕಟವಾದ ಸಮೀಕ್ಷೆಯು, ಬೆಂಗಳೂರಿನ ಮದುವೆಗಳಲ್ಲಿಯೇ ವರ್ಷಕ್ಕೆ ಸುಮಾರು ೯೪೩ ಟನ್ ಒಳ್ಳೆಯ ಆಹಾರ ವ್ಯರ್ಥವಾಗುತ್ತದೆಂದು ಅಂದಾಜು ಮಾಡಿತು. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು ೨೦೨೪ರಲ್ಲಿ ಹೊರತಂದ ವರದಿಯ ಪ್ರಕಾರ ೨೦೨೨ನೆಯ ವರ್ಷವೊಂದರಲ್ಲಿ ಜಗತ್ತು ೧೦೫ ಕೋಟಿ ಟನ್ ಆಹಾರವನ್ನು ಹಾಳುಗೆಡವಿತು. ಬಳಕೆದಾರರ ಕೈಗೆ ಬಂದ ಆಹಾರದಲ್ಲಿ ಇದು ನೂರಕ್ಕೆ ಹತ್ತೊಂಬತ್ತು ಪಾಲು. ಗಾಳಿಯಾಡದ ರಾಶಿಯಲ್ಲಿ ಕೊಳೆಯುವ ಅನ್ನದಿಂದ ಮೀಥೇನ್ ಎಂಬ ಅನಿಲ ಹೊರಟು ವಾಯುಮಂಡಲವನ್ನು ಸೇರುತ್ತದೆ. ಭೂಮಿಯ ತಾಪವನ್ನು ಹೆಚ್ಚಿಸುವ ಅನಿಲಗಳಲ್ಲಿ ಅದು ಬಲು ಪ್ರಬಲವಾದುದು. ಅನ್ನವನ್ನು ಬಿಸುಡುವುದು ಪಾಪವೆಂದು ಹಿರಿಯರು ಹೇಳಿದಾಗ ಅವರಿಗೆ ಈ ಅನಿಲದ ಹೆಸರು ತಿಳಿದಿರಲಿಲ್ಲ. ಮಾತು ಮಾತ್ರ ಸುಳ್ಳಾಗಲಿಲ್ಲ.

ಆದುದರಿಂದ ಮದುವೆಯ ಸಿದ್ಧತೆಯಲ್ಲಿ ಮೊದಲ ಕೆಲಸ ಎಣಿಕೆ. ಸಾಮಾನ್ಯವಾಗಿ ಸಾವಿರ ಜನರಿಗೆ ಆಮಂತ್ರಣ ಹೋಗಿದ್ದರೆ, ಹಿಂದಿನ ರಾತ್ರಿಯ ಊಟ, ಬೆಳಗಿನ ಉಪಾಹಾರ, ಮುಹೂರ್ತದ ಊಟ, ಈ ಮೂರಕ್ಕೂ ಸಾವಿರದ ಲೆಕ್ಕವನ್ನೇ ಹಿಡಿಯುತ್ತಾರೆ. ಹಿಂದಿನ ರಾತ್ರಿಗೆ ಬರುವವರು ಹತ್ತಿರದ ನೆಂಟರು ಮಾತ್ರವೆಂಬುದು ಎಲ್ಲರಿಗೂ ಗೊತ್ತು. ಆದರೂ ಕಡಮೆ ಬಿದ್ದೀತೆಂಬ ಭಯ. ಈ ಭಯಕ್ಕೆ ಮದ್ದು ಸುಲಭ. ಮನೆಯ ಇಬ್ಬರು ಹಿರಿಯರು ಕೂತು ಓಣಿ ಓಣಿಯ, ಊರು ಊರಿನ ಹೆಸರು ಹಿಡಿದು ಯಾರು ಯಾವ ಹೊತ್ತಿಗೆ ಬರುವರೆಂದು ಬರೆದಿಡಬೇಕು. ದೂರವಾಣಿ ಪ್ರತಿಯೊಬ್ಬರ ಕೈಯಲ್ಲಿರುವ ಈ ಕಾಲದಲ್ಲಿ ಎಂಟು ದಿನ ಮುಂಚೆ ವಿಚಾರಿಸುವುದು ಕಷ್ಟವೇನಲ್ಲ. ಎರಡನೆಯದಾಗಿ, ಅನ್ನವನ್ನು ಒಮ್ಮೆಗೇ ಬೇಯಿಸಿಡದೆ, ಒಂದು ಕೊಪ್ಪರಿಗೆ ತೀರುತ್ತ ಬಂದಾಗ ಮತ್ತೊಂದನ್ನು ಒಲೆಗೇರಿಸುವಂತೆ ಅಡುಗೆಯವರಿಗೆ ಮೊದಲೇ ಹೇಳಿರಬೇಕು. ಮೂರನೆಯದಾಗಿ, ಒಡೆಯದ ಅಕ್ಕಿ ಬೇಳೆ ಸಕ್ಕರೆಯ ಚೀಲಗಳನ್ನು ಹಿಂದಕ್ಕೆ ಕೊಂಡುಕೊಳ್ಳುವ ಕರಾರನ್ನು ಕಿರಾಣಿ ಅಂಗಡಿಯವರೊಡನೆ ಮಾಡಿಕೊಂಡಿರಬೇಕು. ಹೆಚ್ಚಾದ ಅಕ್ಕಿ ತಂದ ಕಡೆಗೆ ಮರಳಲಿ ಎಂಬ ಲಕ್ಕಮ್ಮನವರ ನಿಯಮ ಇದೇ ಅಲ್ಲವೆ?

ಊಟದ ಪದಾರ್ಥಗಳ ಸಂಖ್ಯೆಯಲ್ಲಿ ಮಿತಿ ಬೇಕು. ಉತ್ತರ ಕರ್ನಾಟಕದ ಹಳೆಯ ಮದುವೆಯೂಟವನ್ನು ನೋಡಿರಿ: ಜೋಳದ ಅಥವಾ ಸಜ್ಜೆಯ ರೊಟ್ಟಿ, ಎಣಗಾಯಿ, ಒಂದು ಕಾಳಿನ ಪಲ್ಯ, ಶೇಂಗಾ ಚಟ್ನಿ, ಗೋಧಿ ಹುಗ್ಗಿ, ಅನ್ನ, ಸಾರು, ಮಜ್ಜಿಗೆ. ಓಣಿಯ ತಾಯಂದಿರು ವಾರ ಮುಂಚಿನಿಂದ ಬಡಿದು ಒಣಗಿಸಿಟ್ಟ ಖಡಕ್ ರೊಟ್ಟಿ ಮಿಕ್ಕಿದರೂ ಕೆಡುವುದಿಲ್ಲ. ನೆಂಟರ ಗಂಟಿನಲ್ಲಿ ಊರು ಸೇರುತ್ತದೆ. ಜೋಳ ಸಜ್ಜೆ ನವಣೆಗಳಿಗೆ ಬತ್ತಕ್ಕಿಂತ ಬಹಳ ಕಡಮೆ ನೀರು ಸಾಕು. ೨೦೨೩ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಸಾರಿದ ಮೇಲೆ ಪಟ್ಟಣದ ಮದುವೆಗಳಲ್ಲಿಯೂ ನವಣೆಯ ಅನ್ನ ಕಾಣಿಸಿಕೊಂಡಿರುವುದು ಸಂತೋಷದ ಸಂಗತಿ. ಆದರೆ ಇಪ್ಪತ್ತೈದು ಪದಾರ್ಥಗಳ ಜೊತೆಗೆ ಇಪ್ಪತ್ತಾರನೆಯದಾಗಿ ಅದನ್ನು ಸೇರಿಸಿದರೆ ಪ್ರಯೋಜನವಿಲ್ಲ. ಬಡಿಸುವ ಕ್ರಮದಲ್ಲಿ ನೆಲದ ಪಂಕ್ತಿಯೇ ಆಗಲಿ ಮೇಜಿನ ಪಂಕ್ತಿಯೇ ಆಗಲಿ, ಕೇಳಿ ಬಡಿಸುವುದು, ಸ್ವಲ್ಪ ಸ್ವಲ್ಪವಾಗಿ ಎರಡು ಸಲ ಬಡಿಸುವುದು ಮುಖ್ಯ. ಬಡಿಸುವವರು ಕೂಲಿಯವರಾಗದೆ ಮನೆಯ ಹುಡುಗರೇ ಆದರೆ ಈ ವಿವೇಕ ತಾನಾಗಿ ಬರುತ್ತದೆ.

ಇಷ್ಟರ ಮೇಲೂ ಮಿಕ್ಕ ಅಡುಗೆಯನ್ನು ಏನು ಮಾಡತಕ್ಕದ್ದು? ಮಠದ ಉಚಿತ ಪ್ರಸಾದನಿಲಯಕ್ಕೋ ವಸತಿಶಾಲೆಗೋ ಕಳುಹಿಸುವುದು ಒಳ್ಳೆಯದೇ. ಆದರೆ ಬೇಸಗೆಯ ಸೆಕೆಯಲ್ಲಿ ಅನ್ನ, ಪಲ್ಯ, ಹಾಲಿನ ಸಿಹಿಗಳು ಕೆಲವೇ ಗಂಟೆಗಳಲ್ಲಿ ಹಳಸುತ್ತವೆ. ಹನ್ನೆರಡು ಗಂಟೆಗೆ ಬೆಂದುದನ್ನು ರಾತ್ರಿ ಒಂಬತ್ತಕ್ಕೆ ಬಾಲಕರ ವಸತಿಶಾಲೆಯ ಬಾಗಿಲಿಗೆ ಇಳಿಸಿ ಹೋಗುವುದನ್ನು ದಾಸೋಹವೆನ್ನಲಾಗದು. ತಾವು ಉಣ್ಣಲೊಲ್ಲದ್ದನ್ನು ಬಡಮಕ್ಕಳಿಗೆ ಉಣಿಸಿದಂತೆ ಅದು. ಕಳುಹಿಸುವುದಾದರೆ ಮೊದಲೇ ನಿಲಯದವರಿಗೆ ತಿಳಿಸಿ, ಅವರು ತಮ್ಮ ಒಲೆ ಹಚ್ಚುವುದಕ್ಕೆ ಮುಂಚೆ, ಮುಟ್ಟದ ಪಾತ್ರೆಯಿಂದ, ಪಂಕ್ತಿ ನಡೆಯುತ್ತಿರುವಾಗಲೇ ತೆಗೆದು ಕಳುಹಿಸಬೇಕು.

ಎಲೆಯ ವಿಚಾರ. ಬಾಳೆಯ ಎಲೆ, ಮುತ್ತುಗದ ಪತ್ರಾವಳಿ, ಮಲೆನಾಡಿನ ಅಡಿಕೆ ಹಾಳೆಯ ತಟ್ಟೆ, ಇವು ಮೂರೂ ಮಣ್ಣಿಗೆ ಸೇರಿ ಮಣ್ಣಾಗುವಂಥವು. ಮುತ್ತುಗದ ಎಲೆಗಳನ್ನು ಕಡ್ಡಿಯಿಂದ ಹಚ್ಚುವುದು ಎಷ್ಟೋ ಬಡ ಕುಟುಂಬಗಳ ಕಾಯಕ. ಎರಡು ತಿಂಗಳು ಮುಂಚೆ ಅವರಿಗೆ ಮುಂಗಡ ಕೊಟ್ಟರೆ ಮದುವೆಗೆ ಪತ್ರಾವಳಿಯೂ ಆಯಿತು, ಆ ಕಾಯಕಕ್ಕೆ ಬೆಲೆಯೂ ಬಂತು. ಕಾಗದದ ತಟ್ಟೆ ಲೋಟಗಳನ್ನು ಕಂಡು, ಇದು ಕಾಗದವಲ್ಲವೆ ಎಂದು ಮೋಸಹೋಗಬಾರದು. ನೀರು ಸೋರದಂತೆ ಅವುಗಳ ಒಳಮೈಗೆ ಪ್ಲಾಸ್ಟಿಕ್ಕಿನ ತೆಳು ಪೊರೆಯನ್ನು ಅಂಟಿಸಿರುತ್ತಾರೆ. ಪ್ಲಾಸ್ಟಿಕ್ಕಿನ ತಟ್ಟೆ ಲೋಟ ಚಮಚಗಳನ್ನಂತೂ ಕರ್ನಾಟಕ ಸರ್ಕಾರ ೨೦೧೬ರಲ್ಲಿಯೇ ನಿಷೇಧಿಸಿತು. ೨೦೨೨ರ ಜುಲೈ ೧ರಿಂದ ಇಡೀ ದೇಶದಲ್ಲಿ ಅವುಗಳ ಜೊತೆಗೆ ಅಲಂಕಾರದ ಥರ್ಮಾಕೋಲು, ಸಿಹಿಯ ಪೆಟ್ಟಿಗೆ ಮತ್ತು ಆಮಂತ್ರಣ ಪತ್ರಿಕೆಗಳ ಮೇಲೆ ಸುತ್ತುವ ಹಾಳೆ, ಇವೂ ನಿಷಿದ್ಧವಾಗಿವೆ. ಶಾಸನವಿದ್ದೂ ಅಂಗಡಿಯಲ್ಲಿ ಇವು ಸಿಗುತ್ತವೆಂದರೆ ಕೊಳ್ಳುವವರು ಇದ್ದಾರೆಂದೇ ಅರ್ಥ.

ನೀರಿನ ಬಾಟಲಿಯದು ಇನ್ನೊಂದು ಕಥೆ. ಸಾವಿರ ಜನರಿಗೆ ತಲಾ ಎರಡರಂತೆ ಎರಡು ಸಾವಿರ ಬಾಟಲಿಗಳು. ಅವುಗಳಲ್ಲಿ ಎಷ್ಟೋ ಎರಡು ಗುಟುಕು ಕುಡಿದು ಬಿಟ್ಟವು. ತಾಮ್ರದ ಹಂಡೆ, ಮುಚ್ಚಳವಿರುವ ಕೊಳಗ, ಉಕ್ಕಿನ ಲೋಟ, ಬಗ್ಗಿ ನೀರು ಹಾಕುವ ಇಬ್ಬರು ಹುಡುಗರು, ಇಷ್ಟು ಸಾಕು. ಅನೇಕ ಊರುಗಳ ಗುಡಿಗಳಲ್ಲಿ ಸಮಾಜದ ಪಾತ್ರೆಗಳು ಕಪಾಟಿನಲ್ಲಿ ಧೂಳು ತಿನ್ನುತ್ತ ಬಿದ್ದಿವೆ. ಅವಿಲ್ಲದ ಊರಿನಲ್ಲಿ ಮದುವೆಯ ಮನೆಯವರು ಮಠಕ್ಕೆ ಐನೂರು ಲೋಟಗಳನ್ನು ಭಕ್ತಿಕಾಣಿಕೆಯಾಗಿ ಅರ್ಪಿಸಿದರೆ ಮುಂದಿನ ನೂರು ಮದುವೆಗಳಿಗೆ ಅದು ಒದಗುತ್ತದೆ.

ಅಕ್ಷತೆಯ ಬಗ್ಗೆಯೂ ಒಂದು ಮಾತು ಅವಶ್ಯ. ಅಕ್ಷತೆಯೆಂದರೆ ಮುರಿಯದ ಕಾಳು. ಆಶೀರ್ವಾದದ ಸಂಕೇತಕ್ಕೆ ನಾಲ್ಕು ಕಾಳು ಸಾಕು. ಸಾವಿರ ಜನ ಒಬ್ಬೊಬ್ಬರು ಇಪ್ಪತ್ತು ಗ್ರಾಮಿನಂತೆ ಎರಚಿದರೆ ಇಪ್ಪತ್ತು ಕಿಲೋ ಅಕ್ಕಿ ಕಾಲಡಿಗೆ ಬೀಳುತ್ತದೆ. ಒಂದು ಊಟಕ್ಕೆ ನೂರು ಗ್ರಾಮು ಅಕ್ಕಿ ಹಿಡಿದರೆ ಅದು ಇನ್ನೂರು ಜನರ ಒಂದು ಹೊತ್ತಿನ ಅನ್ನ. ಒಂದು ಕಿಲೋ ಅಕ್ಕಿಗೆ ಗದ್ದೆಯಲ್ಲಿ ಕೆಲವು ಸಾವಿರ ಲೀಟರು ನೀರು ಹರಿದಿರುತ್ತದೆಂಬುದನ್ನೂ ಮರೆಯಬಾರದು. ಚೆಲ್ಲಿದ ಅಕ್ಕಿಯನ್ನು ಆಯುವುದನ್ನೇ ಕಾಯಕ ಮಾಡಿಕೊಂಡ ಶರಣದಂಪತಿಗಳನ್ನು ಪೂಜಿಸುವವರು ಅಕ್ಕಿಯನ್ನು ತುಳಿಯುವುದು ವಿಪರ್ಯಾಸವೇ ಸರಿ. ಮಠಾಧಿಪತಿಗಳು ಮತ್ತು ಮುತ್ತೈದೆಯರು ಅಕ್ಷತೆಯನ್ನಿಡಲಿ. ಉಳಿದ ಸಭೆ ಮಲ್ಲಿಗೆ ಸೇವಂತಿಗೆಯ ಎಸಳುಗಳನ್ನು ಹಾಕಲಿ. ಅನೇಕ ಕಡೆ ಈಗಾಗಲೇ ಹೀಗೆ ನಡೆಯುತ್ತಿದೆ.

ಲಗ್ನಪತ್ರಿಕೆಯ ವಿಚಾರದಲ್ಲಿ ಒಂದು ಸೂಕ್ಷ್ಮವನ್ನು ಕಾಣಬೇಕು. ಪತ್ರಿಕೆಯ ನೆತ್ತಿಯ ಮೇಲೆ ಬಸವಣ್ಣನವರ, ಜಗದ್ಗುರುಗಳ, ಕುಲದೈವವಾದ ವೀರಭದ್ರಸ್ವಾಮಿಯ ಚಿತ್ರಗಳನ್ನು ಭಕ್ತಿಯಿಂದಲೇ ಅಚ್ಚುಹಾಕಿಸುತ್ತಾರೆ. ಮದುವೆ ಕಳೆದ ಮೇಲೆ ಆ ಪತ್ರಿಕೆ ಎಲ್ಲಿಗೆ ಹೋಗುತ್ತದೆ? ಎರಡು ಸಾವಿರ ಮನೆಗಳಲ್ಲಿ ಎಲ್ಲರೂ ಅದನ್ನು ಜಗುಲಿಯ ಮೇಲೆ ಇಟ್ಟುಕೊಳ್ಳುವರೇ? ಚರಂಡಿಯ ನೀರಿನಲ್ಲಿ ಗುರುವಿನ ಮುಖ ತೇಲುವುದನ್ನು ಕಂಡವರು ಕಡಮೆಯಿಲ್ಲ. ಚಿತ್ರವಿಲ್ಲದ, ಹೊಳಪಿನ ಲೇಪವಿಲ್ಲದ, ಒಂದೇ ಮಡಿಕೆಯ ಸಾದಾ ಕಾಗದದ ಪತ್ರಿಕೆಯನ್ನು ನೂರು ಅಚ್ಚು ಹಾಕಿಸಿ ಮಠಕ್ಕೂ ಗುರುಹಿರಿಯರಿಗೂ ಖುದ್ದಾಗಿ ಕೊಟ್ಟು, ಉಳಿದವರನ್ನು ಬಾಯಿಮಾತಿನಿಂದ, ದೂರವಾಣಿಯಿಂದ ಕರೆದರೆ ಗೌರವಕ್ಕೆ ಕುಂದಿಲ್ಲ.

ಹಂದರಕ್ಕೆ ತೆಂಗಿನ ಗರಿ, ಬಾಳೆಯ ಕಂದು, ಮಾವಿನ ತೋರಣಗಳಿಗಿಂತ ಶೋಭೆ ಬೇರೆ ಇಲ್ಲ. ಹಾಗೆಂದು ಒಂದೇ ಮಾವಿನ ಮರದ ಕೊಂಬೆಗಳನ್ನು ಊರಿನ ಪ್ರತಿಯೊಂದು ಮದುವೆಗೂ ಕಡಿಯುವುದು ವಿವೇಕವಲ್ಲ. ಬಾಗಿಲಿಗೆ ಬೇಕಾದುದು ಎಲೆ, ಕೊಂಬೆಯಲ್ಲ. ವಾದ್ಯದಲ್ಲಿ ಕರಡಿಮಜಲು, ಶಹನಾಯಿ, ಸಂಬಾಳಗಳು ಇರುವಲ್ಲಿ ಎದೆ ನಡುಗಿಸುವ ಧ್ವನಿವರ್ಧಕದ ಗಾಡಿ ಏಕೆ ಬೇಕು? ೨೦೦೦ದಲ್ಲಿ ಕೇಂದ್ರ ಸರ್ಕಾರ ಮಾಡಿದ ಶಬ್ದಮಾಲಿನ್ಯ ನಿಯಮಗಳ ಮೇರೆಗೆ ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಕೂಡದು. ಆದರೂ ಮೆರವಣಿಗೆಯ ಹಾದಿಯಲ್ಲಿರುವ ಮುದುಕರೂ ಹಸುಗೂಸುಗಳೂ ಆ ಗಾಡಿಯ ಹಾವಳಿಯನ್ನು ಇಂದಿಗೂ ಅನುಭವಿಸುತ್ತಿದ್ದಾರೆ.

ಕಾಲದ ಆಯ್ಕೆಯೂ ಮುಖ್ಯ. ವಾರ ತಿಥಿ ನಕ್ಷತ್ರಗಳ ಅಂಜಿಕೆಯನ್ನು ಶರಣರು ಮನ್ನಿಸಲಿಲ್ಲ. ಪಂಚಾಂಗ ನೋಡುವ ಮನೆತನಗಳಿಗೂ ಕಾರ್ತಿಕ, ಮಾಘಗಳಲ್ಲಿ ಲಗ್ನಗಳುಂಟು. ಆದರೂ ವೈಶಾಖ ಜ್ಯೇಷ್ಠಗಳ ಉರಿಬಿಸಿಲಿನ ನಾಲ್ಕೈದು ದಿನಗಳ ಮೇಲೆಯೇ ನೂರಾರು ಮದುವೆಗಳು ಮುಗಿಬೀಳುತ್ತವೆ. ಬಾವಿ ಬತ್ತಿ, ಹಳ್ಳಿಗೆ ಟ್ಯಾಂಕರಿನಲ್ಲಿ ನೀರು ಬರುವ ಕಾಲವದು. ೨೦೨೩ರಲ್ಲಿ ರಾಜ್ಯದ ೨೨೩ ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾದವು. ಮರುವರ್ಷದ ಬೇಸಗೆಯಲ್ಲಿ ಒಂದು ಮದುವೆಗೆ ತರಿಸಿದ ಟ್ಯಾಂಕರು ಒಂದು ಓಣಿಯ ದಿನದ ನೀರಾಗಿತ್ತು. ಸುಗ್ಗಿ ಮುಗಿದು ಕೆರೆಯಲ್ಲಿ ಇನ್ನೂ ನೀರಿರುವ ಮಾಘಮಾಸದಲ್ಲಿ, ಹಗಲುಹೊತ್ತಿನಲ್ಲಿ ಮದುವೆ ಇಟ್ಟುಕೊಂಡರೆ ನೀರೂ ಉಳಿಯಿತು, ದೀಪದ ಖರ್ಚೂ ಉಳಿಯಿತು, ಬಂದವರೂ ಕತ್ತಲಾಗುವ ಮುಂಚೆ ಮನೆ ಸೇರಿದರು.

ಉಡುಗೊರೆಯ ವಿಷಯ ಸ್ವಲ್ಪ ನಗೆಯದು. ಆಹೇರಿಯಾಗಿ ಬಂದ ಕುಪ್ಪಸದ ಖಣ ಮಡಿಕೆ ಬಿಚ್ಚದೆ ಹತ್ತು ಮನೆ ಸುತ್ತಿ, ಮೂರು ವರ್ಷದ ಮೇಲೆ ಕೊಟ್ಟವರ ಮನೆಗೇ ಉಡಿಯಲ್ಲಿ ಬಂದು ಬೀಳುತ್ತದೆ. ತೊಡುವ ಯೋಗ್ಯತೆಯಿಲ್ಲದ ಹತ್ತು ಖಣಗಳ ಬದಲು ಗುಳೇದಗುಡ್ಡದ ಒಂದು ನೇಯ್ಗೆಯ ಖಣ, ಇಳಕಲ್ಲಿನ ಒಂದು ಸೀರೆ ಕೊಟ್ಟರೆ ನೇಕಾರನ ಮಗ್ಗವೂ ನಡೆದೀತು, ಸೊಸೆಯೂ ಉಟ್ಟಾಳು. ಇತ್ತೀಚೆಗೆ ಬಂದವರಿಗೆಲ್ಲ ಸಸಿ ಹಂಚುವ ರೂಢಿ ಹುಟ್ಟಿದೆ. ಉದ್ದೇಶ ಒಳ್ಳೆಯದು, ಆದರೆ ಪ್ಲಾಸ್ಟಿಕ್ ಚೀಲದ ಸಸಿ ಬಸ್ಸಿನ ಸೀಟಿನ ಕೆಳಗೆ ಒಣಗಿ ಹೋಗುವುದೇ ಹೆಚ್ಚು. ಐನೂರು ಸಸಿಗಳನ್ನು ಹಂಚುವುದಕ್ಕಿಂತ ವಧೂವರರು ಐದು ಗಿಡಗಳನ್ನು ನೆಟ್ಟು ಮೂರು ಬೇಸಗೆ ನೀರೆರೆಯುವುದು ಮೇಲು.

ಇಷ್ಟನ್ನು ಕೇಳಿದ ಹೆಣ್ಣಿನ ತಂದೆ, ಎಲ್ಲ ನಿಜ, ಬೀಗರು ಏನೆಂದಾರು ಎಂದು ಪ್ರಶ್ನಿಸುತ್ತಾನೆ. ಈ ಪ್ರಶ್ನೆ ಹಗುರವಾದುದಲ್ಲ. ಎರಡೆಕರೆಯ ರೈತ ಮಗಳ ಮದುವೆಗೆ ಒಂದೆಕರೆ ಮಾರುವುದು, ಬಡ್ಡಿಯ ಸಾಲಕ್ಕೆ ಕೊರಳೊಡ್ಡುವುದು ಈ ಮಾತಿಗೆ ಅಂಜಿಯೇ. ತಾನು ಸರಳವಾಗಿ ಮಾಡಿದರೆ ಬಡತನವೆಂದಾರೆಂಬ ಅಳುಕು ಅವನದು. ಶ್ರೀಮಂತ ಸರಳವಾಗಿ ಮಾಡಿದರೆ ಅದನ್ನು ಆದರ್ಶವೆಂದಾರು. ಆದಕಾರಣ ಆರಂಭ ಉಳ್ಳವರಿಂದ ಆಗಬೇಕು, ಮಾತು ಗಂಡಿನ ಕಡೆಯವರಿಂದ ಹೊರಡಬೇಕು. ನಿಶ್ಚಿತಾರ್ಥದ ದಿನವೇ ವೀಳ್ಯದ ತಟ್ಟೆಯ ಮುಂದೆ ಕೂತು, ಪದಾರ್ಥ ಎಂಟು, ಪತ್ರಿಕೆ ನೂರು, ಬಾಟಲಿ ಬೇಡ, ಧ್ವನಿವರ್ಧಕ ಬೇಡ ಎಂದು ವರನ ತಂದೆ ಹಿರಿಯರ ಎದುರಿನಲ್ಲಿ ಹೇಳಿಬಿಟ್ಟರೆ ಹೆಣ್ಣಿನ ಮನೆಯ ಮೇಲಿನ ಅರ್ಧ ಭಾರ ಅಲ್ಲಿಯೇ ಇಳಿಯುತ್ತದೆ. ಸುತ್ತೂರಿನ ಜಾತ್ರೆಯಲ್ಲಿ ನಡೆಯುವ ಸಾಮೂಹಿಕ ವಿವಾಹ, ಧರ್ಮಸ್ಥಳದಲ್ಲಿ ೧೯೭೨ರಿಂದ ನಡೆದುಬಂದಿರುವ ಸಾಮೂಹಿಕ ವಿವಾಹ, ಇವುಗಳಲ್ಲಿ ಒಂದೇ ಹಂದರ, ಒಂದೇ ಅಡುಗೆಮನೆ, ಒಂದೇ ವಾದ್ಯ ಅನೇಕ ಜೋಡಿಗಳಿಗೆ ಸಾಕಾಗುತ್ತವೆ. ಅವು ಬಡವರಿಗೆ ಮಾತ್ರವೆಂಬ ಭಾವನೆ ಹೋಗಬೇಕಾದರೆ ಉಳ್ಳವರ ಮಕ್ಕಳೂ ಆ ಸಾಲಿನಲ್ಲಿ ಹಸೆಮಣೆ ಏರಬೇಕು.

ಕಡೆಯ ಕೆಲಸ ಉಂಡ ಎಲೆಯದು. ಮದುವೆಗೆ ನಾಲ್ಕು ದಿನ ಮುಂಚೆ ಹಿತ್ತಿಲಲ್ಲಿ ಮೂರಡಿ ಆಳದ ಎರಡು ಗುಂಡಿಗಳನ್ನು ತೋಡಿಸಿಡಬೇಕು. ಕೈತೊಳೆಯುವ ಜಾಗದ ಬಳಿ ಎರಡು ಬುಟ್ಟಿ: ಒಂದಕ್ಕೆ ಎಲೆ, ಹೂವು, ತರಕಾರಿಯ ಸಿಪ್ಪೆ, ಮತ್ತೊಂದಕ್ಕೆ ಕೊಳೆಯದ ವಸ್ತು. ಅವುಗಳ ಮುಂದೆ ಮನೆಯ ಒಬ್ಬ ಹಿರಿಯರು ನಿಂತಿದ್ದರೆ ಎಲೆಯಲ್ಲಿ ಅನ್ನ ಬಿಟ್ಟು ಬರುವವರ ಸಂಖ್ಯೆ ಎರಡನೆಯ ಪಂಕ್ತಿಯ ಹೊತ್ತಿಗೆ ತಾನೇ ಇಳಿಯುತ್ತದೆ. ಗುಂಡಿಯಲ್ಲಿ ಒಂದು ಪದರ ಎಲೆ, ಅದರ ಮೇಲೆ ಸಗಣಿಯ ರಾಡಿ, ಅದರ ಮೇಲೆ ಒಣಕಸ ಮತ್ತು ಮಣ್ಣು, ಹೀಗೆ ತುಂಬುತ್ತ ಹೋಗಿ, ಹದಿನೈದು ದಿನಕ್ಕೊಮ್ಮೆ ತಿರುವಿ ಹಾಕಿ ಒದ್ದೆ ಆರದಂತೆ ನೋಡಿಕೊಂಡರೆ ಮೂರು ನಾಲ್ಕು ತಿಂಗಳಲ್ಲಿ ಕಪ್ಪು ಗೊಬ್ಬರವಾಗುತ್ತದೆ. ಮಾಘದಲ್ಲಿ ಮದುವೆಯಾದ ಮನೆಗೆ ಅದು ಮುಂಗಾರಿನ ಬಿತ್ತನೆಯ ವೇಳೆಗೆ ಹೊಲಕ್ಕೆ ಸಿದ್ಧ.